ಹಳೆ ಸುಖೋಯ್‌ಗೆ ಹೊಸ ರೇಡಾರ್ ಹಾಕುದಾ, ಸೀದಾ ಸ್ಟೆಲ್ತ್ ತರುದಾ?

ಕುಡ್ಲದ ಗರುಡ · ಸಂಜೆ 7:40 · ತಿದ್ದಿದ್ದು ರಾತ್ರಿ 11:31

ವಿಷಯ ಇಷ್ಟೇ. ನಮ್ಮ ವಾಯುಪಡೆಗೆ ಮಂಜೂರಾದದ್ದು 42 ಸ್ಕ್ವಾಡ್ರನ್. 2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಮಿಗ್-21ನ್ನು ಕಳಿಸಿಕೊಟ್ಟ ಮೇಲೆ ಉಳಿದದ್ದು 29. ಒಂದು ಸ್ಕ್ವಾಡ್ರನ್‌ಗೆ 18 ವಿಮಾನ ಅಂತ ಹಿಡಿದರೂ 234 ವಿಮಾನ ಕಡಿಮೆ. ಇಂಥ ಹೊತ್ತಿನಲ್ಲಿ ರೇಡಾರಿಗೆ ಸುಲಭದಲ್ಲಿ ಕಾಣದ ಸ್ಟೆಲ್ತ್ ವಿಮಾನವೇ ಬೇಕು, ಅಮೆರಿಕದ ಎಫ್-35 ಬೇಕು, ರಷ್ಯದ ಸುಖೋಯ್-57 ಬೇಕು ಅಂತ ಹಟ ಹಿಡಿದು ಕೂತರೆ ಆಗುದಿಲ್ಲ. ಕೈಯಲ್ಲಿರುವ ಸುಖೋಯ್-30 ಎಂಕೆಐಗಳಲ್ಲಿ 84ಕ್ಕೆ ವಿರೂಪಾಕ್ಷ ರೇಡಾರ್, ಹೊಸ ಕಾಕ್‌ಪಿಟ್, ಶತ್ರು ರೇಡಾರಿನ ಕಣ್ಣು ಕಟ್ಟುವ ಹೊಸ ಜಾಮರ್ ಹಾಕುವ ಯೋಜನೆ ಉಂಟು. ಅದನ್ನು ಬೇಗ ಮುಗಿಸಿ, ಜೊತೆಗೆ ರಫೇಲ್‌ನಂಥ 4.5ನೇ ತಲೆಮಾರಿನದ್ದನ್ನೇ (ಸ್ಟೆಲ್ತ್ ಅಲ್ಲ, ಆದರೆ ಒಳಗಿನ ಸಾಮಾನು ಹೊಸದು) ಇನ್ನಷ್ಟು ತರಬೇಕು. ಎಫ್-15 ಮೊದಲು ಹಾರಿದ್ದು 1972ರಲ್ಲಿ. ಅದರ ಹೊಸ ಅವತಾರ ಎಫ್-15ಇಎಕ್ಸ್ ಅನ್ನು ಅಮೆರಿಕವೇ ಕೊಳ್ಳುತ್ತಾ ಉಂಟು. ಸ್ಟೆಲ್ತ್ ಒಂದೇ ಸಾಕಿದ್ದರೆ ಅವರಿಗೆ ಇದು ಯಾಕೆ ಬೇಕಿತ್ತು? ರೇಡಾರ್ ಹೀರುವ ಲೇಪನ ಬಳಿದರೆ ಹಳೆ ವಿಮಾನದ ಪ್ರತಿಫಲನವನ್ನೂ ಅರ್ಧ ಮಾಡಬಹುದು, ಅಂದರೆ ಶತ್ರು ರೇಡಾರ್ ನೋಡುವ ದೂರ ಕಡಿಮೆ. ಇನ್ನು ಸ್ಟೆಲ್ತಿನ ಕತೆಯನ್ನು ತಿರುವನಂತಪುರದಲ್ಲಿ ಕಂಡಾಯಿತಲ್ಲ, ಬ್ರಿಟಿಷರ ಎಫ್-35ಬಿ ಐದು ವಾರ ಮಳೆಯಲ್ಲಿ ನೆನೆಯಿತು.

ಮಣಿಪಾಲದ ಮೈಕ್ರೋವೇವ್ · 7:58

"ಶತ್ರು ರೇಡಾರ್ ನೋಡುವ ದೂರ ಅರ್ಧ."

ಈ ಒಂದು ಮಾತಿಗೆ ಬಂದಾಗಲೇ ನಾನು ಓದುವುದು ನಿಲ್ಲಿಸಿದೆ. ರೇಡಾರ್ ಸಮೀಕರಣದಲ್ಲಿ ದೂರ ಹೋಗುವುದು ಪ್ರತಿಫಲನದ ನಾಲ್ಕನೇ ಮೂಲದ ಪ್ರಕಾರ. ಕ್ಯಾಲ್ಕುಲೇಟರಿನಲ್ಲಿ 0.5 ಒತ್ತಿ ವರ್ಗಮೂಲ ಎರಡು ಸಲ ತೆಗೆಯಿರಿ: 0.707, ಆಮೇಲೆ 0.84. ಅಂದರೆ 200 ಕಿ.ಮೀ.ನಲ್ಲಿ ಕಾಣುತ್ತಿದ್ದ ವಿಮಾನ 168 ಕಿ.ಮೀ.ನಲ್ಲಿ ಕಾಣುತ್ತದೆ. ನೂರರಲ್ಲಿ ಅಲ್ಲ. ದೂರ ಅರ್ಧಕ್ಕೆ ಇಳಿಯಬೇಕಾದರೆ ಪ್ರತಿಫಲನ 16ರಲ್ಲಿ 1 ಪಾಲಾಗಬೇಕು. ಹತ್ತರಲ್ಲಿ ಒಂದಕ್ಕೆ ಇಳಿಯಬೇಕಾದರೆ 10,000ದಲ್ಲಿ 1. ಅದು ಬಣ್ಣ ಬಳಿದು ಆಗುವ ಕೆಲಸ ಅಲ್ಲ, ಹುಟ್ಟುವಾಗಲೇ ಆಕಾರದಲ್ಲಿ ಬರಬೇಕು. ಸುಖೋಯ್-30ರ ನೇರ ನಿಂತ ಎರಡು ಬಾಲ, ಅದಕ್ಕೆ ಲಂಬವಾಗಿ ಮಲಗಿದ ಹಿಂದಿನ ರೆಕ್ಕೆ, ಗಾಳಿ ಒಳಗೆ ಹೋಗುವ ಬಾಯಿಯಲ್ಲಿ ಇಣುಕುವ ಕಂಪ್ರೆಸರ್ ಬ್ಲೇಡು, ರೆಕ್ಕೆಯಡಿ ನೇತಾಡುವ ಕ್ಷಿಪಣಿ ಮತ್ತು ಪೈಲಾನ್, ಇಷ್ಟೂ ರೇಡಾರಿಗೆ ಕನ್ನಡಿ. ಯಕ್ಷಗಾನದ ಬಣ್ಣದ ವೇಷಕ್ಕೆ ಮುಖದ ಬಣ್ಣ ಮಾತ್ರ ಒರೆಸಿ, ಕಿರೀಟ ಹಾಗೇ ಬಿಟ್ಟು, ಈಗ ಯಾರಿಗೂ ಗುರುತು ಸಿಗುದಿಲ್ಲ ಅಂದ ಹಾಗೆ.

ಮಲ್ಪೆ ಬಂದರು · 8:06

"ಅಮೆರಿಕವೇ ಕೊಳ್ಳುತ್ತಾ ಉಂಟು" ಅಂತ ಬರೆದವರು ಎಷ್ಟು ಅಂತ ಯಾಕೆ ಬರೆಯಲಿಲ್ಲ? ಎಫ್-15ಇಎಕ್ಸ್‌ನ ಸಂಖ್ಯೆ 144 ಅಂದರು, 104 ಅಂದರು, 98ಕ್ಕೆ ಇಳಿಸಿದರು, ಮತ್ತೆ 129 ಅಂದರು. ಎಫ್-35ಎಗೆ ಅದೇ ಅಮೆರಿಕ ವಾಯುಪಡೆ ಇಟ್ಟುಕೊಂಡ ಗುರಿ 1,763. ಇಎಕ್ಸ್ ತಗೊಂಡದ್ದು ಹಳೆ ಎಫ್-15ಸಿಗಳ ಮೈ ಸವೆದು ಹೋಯಿತು ಅಂತ. ಅದೇ ಹ್ಯಾಂಗರ್, ಅದೇ ಏಣಿ, ಅದೇ ನೆಲದ ಸಾಮಾನು, ಪೈಲಟ್‌ಗಳಿಗೂ ಹೆಚ್ಚು ತರಬೇತಿ ಬೇಡ. ಸ್ವಂತ ದೇಶದ ಆಕಾಶ ಕಾಯಲಿಕ್ಕೆ ಅದು ಸಾಕು. ನಾವು ಕಾಯಬೇಕಾದದ್ದು ಚೀನಾದ ಸ್ಟೆಲ್ತ್ ವಿಮಾನ ಜೆ-20 ಹಾರುವ ಗಡಿಯನ್ನು.

ಕುಡ್ಲದ ಗರುಡ · 8:15

ಮೈಕ್ರೋವೇವ್ ಸರ್, ಅದೇ ನಾಲ್ಕನೇ ಮೂಲ ನನ್ನ ಕಡೆಗೂ ಕೆಲಸ ಮಾಡ್ತದೆ. ಸುಖೋಯ್‌ನ ಮೂಗು ಎಷ್ಟು ದೊಡ್ಡದು ಅಂತ ನೋಡಿದ್ದೀರಲ್ಲ? ಅಲ್ಲಿ ಗ್ಯಾಲಿಯಂ ನೈಟ್ರೈಡ್ ಮಾಡ್ಯೂಲ್‌ಗಳ ಎಇಎಸ್‌ಎ (ಚಿಕ್ಕ ಚಿಕ್ಕ ಮಾಡ್ಯೂಲ್‌ಗಳಿಂದಲೇ ತರಂಗ ಕಳಿಸಿ ತಿರುಗಿಸುವ ರೇಡಾರ್) ಕೂರಿಸಿದರೆ ಶಕ್ತಿ ದುಪ್ಪಟ್ಟು, ಮುಪ್ಪಟ್ಟು. ಆಗ ಅವರ ಸ್ಟೆಲ್ತೂ ನಮಗೆ ಕಾಣ್ತದೆ.

ಮಣಿಪಾಲದ ಮೈಕ್ರೋವೇವ್ · 8:19

ಶಕ್ತಿ ದುಪ್ಪಟ್ಟು ಮಾಡಿದರೆ ದೂರ ಹೆಚ್ಚುವುದು ಶೇ. 19. ಎರಡರ ನಾಲ್ಕನೇ ಮೂಲ 1.19. ಅದೇ ಕ್ಯಾಲ್ಕುಲೇಟರ್, ಅದೇ ಬಟನ್.

ಪಣಂಬೂರು ಪ್ಯಾನೆಲ್ · 8:31

"ಎಇಎಸ್‌ಎ ಕೂರಿಸಿದರೆ" ಅಂತ ಬಲ್ಬ್ ಬದಲಿಸಿದ ಹಾಗೆ ಹೇಳಿದರೆ ಹೇಗೆ? ಕೂರಿಸುವುದು ಅಂದರೆ ಏನೇನು ಅಂತ ಸ್ವಲ್ಪ ನೋಡಿ.

ಮೊದಲು ವಿಮಾನ ಬಿಚ್ಚಿ ಚೌಕಟ್ಟಿನ ಬಿರುಕು ನೋಡಬೇಕು. ಸುಖೋಯ್-30ರ ಮೈಗೆ ಇಟ್ಟ ಆಯುಷ್ಯ 6,000 ಗಂಟೆ, ಅದರಲ್ಲಿ ಎಷ್ಟು ಉಳಿದಿದೆ ಎಂಬುದರ ಮೇಲೆ ಯಾವ 84ನ್ನು ಆರಿಸುವುದು ಅಂತ ನಿರ್ಧಾರ. ಆಮೇಲೆ ಹಳೆ ವೈರಿಂಗ್ ಪೂರ್ತಿ ಕಿತ್ತು ಹೊಸದು ಎಳೆಯಬೇಕು. ಎಲ್ಲಕ್ಕಿಂತ ಹೆಚ್ಚು ದಿನ ತಿನ್ನುವುದು ಇದೇ. ನಕ್ಷೆಯಲ್ಲಿ ಒಂದು ಇರ್ತದೆ, ವಿಮಾನದ ಒಳಗೆ ಇನ್ನೊಂದು ಇರ್ತದೆ. ಹಳೆ ಬಾರ್ಸ್ ರೇಡಾರ್ ತೆಗೆದು ಹಗುರದ್ದು ಇಟ್ಟರೆ ಮೂಗಿನ ತೂಕ ಕಡಿಮೆಯಾಗಿ ಗುರುತ್ವ ಕೇಂದ್ರ ಹಿಂದೆ ಸರಿಯುತ್ತದೆ. ಅದಕ್ಕೆ ಬ್ಯಾಲಸ್ಟ್ ಅಂತ ಬರೀ ತೂಕದ ಗಟ್ಟಿ ಇಡಬೇಕು, ಇಲ್ಲವೇ ವಿಮಾನದ ಹಾರಾಟ ನಿಯಂತ್ರಿಸುವ ಫ್ಲೈ ಬೈ ವೈರ್ ತಂತ್ರಾಂಶ ತಿದ್ದಬೇಕು. ಎಇಎಸ್‌ಎ ಕುಡಿಯುವ ವಿದ್ಯುತ್ತಿನ ಬಹುಪಾಲು ಬಿಸಿಯಾಗಿಯೇ ಹೊರಬರುತ್ತದೆ, ದ್ರವ ಹರಿಸಿ ತಂಪು ಮಾಡುವ ಹೊಸ ಪೈಪು ಹಾಕಲೇಬೇಕು. ಮೂಗಿನ ಟೊಪ್ಪಿಯೂ ಹೊಸ ರೇಡಾರಿನ ತರಂಗಕ್ಕೆ ಹೊಂದಬೇಕು, ಇಲ್ಲದಿದ್ದರೆ ಅಂಚಿನ ಕೋನಗಳಲ್ಲಿ ಗುರಿ ಇದ್ದ ಜಾಗ ಬಿಟ್ಟು ಪಕ್ಕದಲ್ಲಿ ತೋರಿಸುತ್ತದೆ. ಇಷ್ಟಾದ ಮೇಲೆ ಒಂದೊಂದು ಕ್ಷಿಪಣಿಗೂ ಬೇರೆ ಬೇರೆ ಹಾರಾಟ ಪರೀಕ್ಷೆ.

ಮಿರಾಜ್-2000ರಲ್ಲಿ ಆದದ್ದು ನೋಡಿ. 51 ವಿಮಾನಗಳ ಮೇಲ್ದರ್ಜೆಯ ಒಪ್ಪಂದ 2011ರಲ್ಲಿ, ಫ್ರಾನ್ಸಿನಲ್ಲೇ ಮಾಡಿದ ಮೊದಲ ಎರಡು ಕೈಗೆ ಬಂದದ್ದು 2015ರಲ್ಲಿ. ಜಾಗ್ವಾರ್‌ಗೆ ಡ್ಯಾರಿನ್-3 ಎಂಬ ಹೊಸ ದಾರಿ ಮತ್ತು ಗುರಿ ತೋರಿಸುವ ವ್ಯವಸ್ಥೆ ಹಾಕಿ ಕಣ್ಣು ಚುರುಕು ಮಾಡಿದರು, ಎಂಜಿನ್ ಮಾತ್ರ ಅದೇ ಅಡೂರ್. ಹೊಸ ಎಂಜಿನ್ ಯೋಜನೆಯನ್ನು ದುಬಾರಿ ಆಯಿತು ಅಂತ 2019ರಲ್ಲಿ ಕೈಬಿಟ್ಟರು.

ಮಲ್ಪೆ ಬಂದರು · 8:36

ಓದಿದ್ರಲ್ಲ ಗರುಡ ಅವರೇ, ನಿಮ್ಮ ಕಡೆಯವರೇ ಹೇಳಿದ್ದು. 2011ರ ಒಪ್ಪಂದ, 2015ರಲ್ಲಿ ಎರಡೇ ಎರಡು. ಇದು "ಬೇಗ ಮುಗಿಸುವುದಾ"?

ಪಣಂಬೂರು ಪ್ಯಾನೆಲ್ · 8:38

ನಾನು ಯಾವ ಕಡೆಯವನೂ ಅಲ್ಲ. ಸ್ಟೆಲ್ತಿನ ಪ್ಯಾನೆಲ್ ಬಿಚ್ಚುವ ಸಂಗತಿಗೂ ಬರ್ತೇನೆ, ಸ್ವಲ್ಪ ತಡೀರಿ.

ಕಾರ್ಕಳ ಬಂಡೆ · 8:44

ಸ್ಟೆಲ್ತ್ ಸ್ಟೆಲ್ತ್ ಅಂತ ಕುಣಿಯುವವರಿಗೆ ಒಂದೇ ಪ್ರಶ್ನೆ. ತಿರುವನಂತಪುರಕ್ಕೆ ಬಂದ ಎಫ್-35ಬಿಯನ್ನು ನೆಲದ ರೇಡಾರುಗಳನ್ನೆಲ್ಲಾ ಜೋಡಿಸುವ ನಮ್ಮ ವಾಯುಪಡೆಯ ಐಎಸಿಸಿಎಸ್ ಜಾಲ ಪತ್ತೆ ಹಚ್ಚಿ ಗುರುತಿಸಿತು. ಇದನ್ನು ವಾಯುಪಡೆಯೇ ಹೇಳಿದೆ. ಕಾಣದ ವಿಮಾನ ಕಂಡದ್ದು ಹೇಗೆ? ಉತ್ತರ ಇದ್ದರೆ ಕೊಡಿ, ಇಲ್ಲದಿದ್ದರೆ ಈ ಥ್ರೆಡ್ ಮುಚ್ಚಿ.

ಮಲ್ಪೆ ಬಂದರು · 8:49

ಇಂಧನ ಕಡಿಮೆ, ಹವೆ ಕೆಟ್ಟು ಹಡಗಿಗೆ ವಾಪಸ್ ಹೋಗಲಿಕ್ಕೆ ಆಗಲಿಲ್ಲ, ಇಳಿಯಲಿಕ್ಕೆ ಜಾಗ ಬೇಕು. ಅಂಥ ಹೊತ್ತಿನಲ್ಲಿ ಅವರು ಅಡಗಿಕೊಂಡು ಬರುವುದಾ ಬಂಡೆ ಅವರೇ? ರೇಡಿಯೊದಲ್ಲಿ ಕೇಳಿ, ಅನುಮತಿ ತಗೊಂಡು ಬಂದದ್ದು. ಬಾಗಿಲು ತಟ್ಟಿ ಒಳಗೆ ಬಂದ ನೆಂಟರನ್ನು ನಾನೇ ಹಿಡಿದೆ ಅಂತ ಹೇಳಿಕೊಂಡ ಹಾಗಾಯಿತು ನಿಮ್ಮದು.

ಮಣಿಪಾಲದ ಮೈಕ್ರೋವೇವ್ · 8:57

ಶಾಂತಿಕಾಲದ ಹಾರಾಟದಲ್ಲಿ ಎಫ್-35ಗೆ ಲ್ಯೂನೆಬರ್ಗ್ ಲೆನ್ಸ್ ಎಂಬ ಪ್ರತಿಫಲಕ ಹಾಕುವ ಪದ್ಧತಿ ಇದೆ. ಬೆನ್ನ ಮೇಲೆ ಎರಡು, ಹೊಟ್ಟೆಯಡಿ ಎರಡು, ಚಿಕ್ಕ ಗುಬುಟಿನ ಹಾಗೆ ಕಾಣುತ್ತವೆ. ಬಂದ ತರಂಗವನ್ನು ಬಂದ ದಿಕ್ಕಿಗೇ ತಿರುಗಿಸಿ ಕಳಿಸುವುದು ಅದರ ಕೆಲಸ. ವಿಮಾನ ನಿಲ್ದಾಣದ ರೇಡಾರಿಗೆ ಕಾಣಲಿ ಎಂಬುದು ಒಂದು ಕಾರಣ, ನಿಜವಾದ ಪ್ರತಿಫಲನ ಯಾರಿಗೂ ಅಳತೆಗೆ ಸಿಗಬಾರದು ಎಂಬುದು ಇನ್ನೊಂದು. ಯುದ್ಧಕ್ಕೆ ಹೋಗುವಾಗ ಅದನ್ನು ಬಿಚ್ಚಿಡುತ್ತಾರೆ.

ಕಾರ್ಕಳ ಬಂಡೆ · 9:01

"ಹಾಕುವ ಪದ್ಧತಿ ಇದೆ." ಪದ್ಧತಿ! ಆವತ್ತು ರಾತ್ರಿ ಹಾಕಿದ್ದರು ಅಂತ ನೀವು ನೋಡಿದಿರಾ? ಪದ್ಧತಿ ಪ್ರಕಾರ ನಮ್ಮ ಊರಿನ ಬಸ್ಸುಗಳೂ ಸ್ಟಾಪಿನಲ್ಲೇ ನಿಲ್ಲಬೇಕು.

ಮಣಿಪಾಲದ ಮೈಕ್ರೋವೇವ್ · 9:04

ಲೆನ್ಸ್ ಹಾಕಿರಲಿಲ್ಲ ಅಂತ ನೀವು ನೋಡಿದಿರಾ? ಲೆನ್ಸ್ ಬೇಡ, ಟ್ರಾನ್ಸ್‌ಪಾಂಡರ್ ಒಂದೇ ಸಾಕು. ನೆಲದಿಂದ ಪ್ರಶ್ನೆ ಹೋಗುತ್ತದೆ, ವಿಮಾನ ತಾನೇ ಉತ್ತರ ಕೊಡುತ್ತದೆ. ಅಲ್ಲಿ ಮೈಯ ಆಕಾರಕ್ಕೆ ಕೆಲಸವೇ ಇಲ್ಲ.

ಹ್ವಾಯ್ ಕುಂದಾಪ್ರ · 9:10

ಹ್ವಾಯ್, ಎಲ್ಲರೂ ಒಮ್ಮೆ ಲೆಕ್ಕ ಸಮ ಮಾಡಿ ಕಾಂಬ. ಮೊದಲ ಪೋಸ್ಟಿನಲ್ಲಿ "ಐದು ವಾರ" ಅಂತ ಉಂಟು. ಇಳಿದದ್ದು 2025 ಜೂನ್ 14, ಹಾರಿದ್ದು ಜುಲೈ 22. 38 ದಿನ. ಅಂದರೆ ಐದು ವಾರ ಮೂರು ದಿನ. "ಮಳೆಯಲ್ಲಿ ನೆನೆಯಿತು" ಅಂದದ್ದೂ ಅರ್ಧ ಸತ್ಯ. ಜುಲೈ 6ಕ್ಕೆ ಬ್ರಿಟಿಷ್ ತಂಡ ಎ400ಎಂನಲ್ಲಿ ಬಂದು ಅದನ್ನು ಹ್ಯಾಂಗರ್ ಒಳಗೆ ಎಳೆದರು. ಹಾಗಾದರೆ ಮಳೆಯಲ್ಲಿ ನಿಂತದ್ದು 22 ದಿನ. ಮೂರು ವಾರ ಒಂದು ದಿನ.

ಕುಡ್ಲದ ಗರುಡ · 9:14

ಕುಂದಾಪ್ರದವರೇ, ಐದು ವಾರ ಅಂದರೂ 38 ದಿನ ಅಂದರೂ ವಿಮಾನ ನಿಂತಲ್ಲೇ ನಿಂತಿತ್ತು. 11 ಕೋಟಿ ಡಾಲರಿನ ಆಸುಪಾಸಿನ ಯಂತ್ರ, ಕೇರಳ ಪ್ರವಾಸೋದ್ಯಮದವರಿಗೆ ಜಾಹೀರಾತು ಆಯಿತು. ಅದೇ ಮುಖ್ಯ.

ಹ್ವಾಯ್ ಕುಂದಾಪ್ರ · 9:16

ಅದೇ ಮುಖ್ಯ ಆದರೆ ಅದನ್ನೇ ಸರಿಯಾಗಿ ಬರೀಬಹುದಿತ್ತಲ್ಲ ಮಾರಾಯ್ರೆ.

ಮಲ್ಪೆ ಬಂದರು · 9:22

ನಿಂತದ್ದು ಯಾಕೆ ಅಂತ ಯಾರೂ ಹೇಳುತ್ತಿಲ್ಲ. ಹೈಡ್ರಾಲಿಕ್ ದೋಷ. ಹೈಡ್ರಾಲಿಕ್ ಇಲ್ಲದ ಯುದ್ಧವಿಮಾನ ಯಾವುದುಂಟು? ಎಫ್-15ರಲ್ಲಿಲ್ಲವಾ, ಸುಖೋಯ್‌ನಲ್ಲಿಲ್ಲವಾ? ಸುಖೋಯ್ ಬೇರೆ ದೇಶದಲ್ಲಿ ಹೈಡ್ರಾಲಿಕ್ ಕೆಟ್ಟು ಇಳಿದಿದ್ದರೆ ನಮ್ಮ ಪಂಪು, ನಮ್ಮ ಮೆಕ್ಯಾನಿಕ್ ಎಲ್ಲಾ ನಾಸಿಕದಿಂದ ಹೋಗಬೇಕಿತ್ತು. ಅದಕ್ಕೂ ಸ್ಟೆಲ್ತಿಗೂ ಎಂತ ಸಂಬಂಧ? ಅಲ್ಲದೆ ಅದು ನಿಂತಲ್ಲೇ ಕೆಳಗಿಳಿಯಬಲ್ಲ ಬಿ ಮಾದರಿ. ಪೈಲಟ್‌ನ ಬೆನ್ನ ಹಿಂದೆ ಲಿಫ್ಟ್ ಫ್ಯಾನ್, ಅದಕ್ಕೆ ಶಾಫ್ಟ್, ಕ್ಲಚ್, ಮುಚ್ಚಳಗಳು, ಕೆಳಗೆ ತಿರುಗುವ ಕೊಳವೆ. ಕೆಡಲಿಕ್ಕೆ ಜಾಗ ಜಾಸ್ತಿ. ಆ ಫ್ಯಾನ್ ಜಾಗ ತಿಂದದ್ದರಿಂದ ಒಳಗಿನ ಇಂಧನವೂ ಕಡಿಮೆ, ಎ ಮಾದರಿಯಲ್ಲಿ ಸುಮಾರು 8.3 ಟನ್, ಬಿಯಲ್ಲಿ ಸುಮಾರು 6.1. ನೆಲದಿಂದ ಹಾರಿಸುವುದಾದರೆ ನಾವು ಕೇಳುವುದು ಎ.

ಕಾರ್ಕಳ ಬಂಡೆ · 9:25

"ಅದಕ್ಕೂ ಸ್ಟೆಲ್ತಿಗೂ ಎಂತ ಸಂಬಂಧ" ಅಂತೆ. ಸಂಬಂಧ ಇಲ್ಲದಿದ್ದರೆ ಹ್ಯಾಂಗರ್ ಕೊಡ್ತೇವೆ ಅಂದಾಗ ಮೊದಲು ಬೇಡ ಅಂದದ್ದು ಯಾಕೆ? ಒಳಗಿನ ಸಾಮಾನನ್ನು ಯಾರಾದರೂ ನೋಡಿಬಿಟ್ಟಾರು ಎಂಬ ಹೆದರಿಕೆ. ದುಡ್ಡು ಕೊಟ್ಟು ತಂದ ಮೇಲೆ ನಮ್ಮ ಮೆಕ್ಯಾನಿಕನಿಗೂ ಮುಟ್ಟಲಿಕ್ಕೆ ಬಿಡದ ವಿಮಾನ ಯಾಕೆ ಸ್ವಾಮಿ?

ಮಲ್ಪೆ ಬಂದರು · 9:27

ಪರದೇಶದ ಸೈನ್ಯದ ವಿಮಾನವನ್ನು ಪರದೇಶದವರ ಹ್ಯಾಂಗರಿನಲ್ಲಿ ಇಡಲಿಕ್ಕೆ ಯಾರಾದರೂ ಹಿಂದೆ ಮುಂದೆ ನೋಡ್ತಾರೆ. ನಮ್ಮ ಮಿಗ್-29ಕೆ ಬೇರೆ ಊರಲ್ಲಿ ಇಳಿದರೆ ನಾವು ಕೀಲಿ ಕೈ ಕೊಟ್ಟು ಬರ್ತೇವಾ?

ಹ್ವಾಯ್ ಕುಂದಾಪ್ರ · 9:29

ಅದು ನಮ್ಮ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ಇಳಿದಿದ್ದರೆ? ಗುಡ್ಡದ ಮೇಲಿನ ಟೇಬಲ್ ಟಾಪ್, ಮಳೆ ಬೇರೆ.

ಪಣಂಬೂರು ಪ್ಯಾನೆಲ್ · 9:33

ಬಜ್ಪೆಯ ಹೊಸ ರನ್‌ವೇ 2,450 ಮೀಟರ್, ಕಾಂಕ್ರೀಟ್. ಎಫ್-35ಬಿ ಮಾಮೂಲಿ ವಿಮಾನದ ಹಾಗೆ ಉರುಳಿಕೊಂಡು ಇಳಿಯಲಿಕ್ಕೆ ಅಷ್ಟು ಧಾರಾಳ. ನಿಂತಲ್ಲೇ ಕೆಳಗಿಳಿಯುವ ಸರ್ಕಸ್ ಮಾಡಿದರೆ ಮಾತ್ರ ಎಂಜಿನ್ ಬಿಸಿಗೆ ಡಾಂಬರು ಕರಗುತ್ತದೆ, ಸಾಮಾನ್ಯ ಕಾಂಕ್ರೀಟೂ ಏಳಬಹುದು. ಅದನ್ನು ಬಿಡಿ.

ಪ್ಯಾನೆಲ್ ವಿಷಯ. ಸ್ಟೆಲ್ತ್ ಮೈಯಲ್ಲಿ ಒಂದು ಮುಚ್ಚಳ ತೆಗೆಯುವುದು ಹೇಗೆ ಅಂತ ಗೊತ್ತಿದ್ದರೆ ಈ ವಾದ ಅರ್ಧಕ್ಕೆ ಇಳಿಯುತ್ತದೆ (ನಾಲ್ಕನೇ ಮೂಲದ ಲೆಕ್ಕದಲ್ಲಿ ಅಲ್ಲ). ಸ್ಕ್ರೂ ತಲೆ ಕಾಣುವುದೇ ಇಲ್ಲ, ಮೇಲೆ ಫಿಲ್ಲರ್ ತುಂಬಿ ಮಟ್ಟ ಮಾಡಿರುತ್ತಾರೆ. ಮೊದಲು ಅದನ್ನು ಕೆಳಗಿನ ಪದರಕ್ಕೆ ಗೀರು ಬೀಳದ ಹಾಗೆ ಕೆರೆದು ತೆಗೆಯಬೇಕು. ಸ್ಕ್ರೂ ಬಿಚ್ಚಿ, ಒಳಗಿನ ಕೆಲಸ ಮುಗಿಸಿ, ಮುಚ್ಚಳ ಕೂರಿಸಿ, ಸಂದಿಗೆ ವಿದ್ಯುತ್ ಹರಿಯುವ ಪೇಸ್ಟ್ ತುಂಬಿ, ಗಟ್ಟಿಯಾಗಲು ಬಿಟ್ಟು, ಉಜ್ಜಿ, ಮೇಲೆ ಲೇಪನ ಕೊಟ್ಟು, ಮತ್ತೆ ಒಣಗಿಸಿ, ಕೊನೆಗೆ ಪರೀಕ್ಷೆ. ಒಳಗಿನ ಕೆಲಸ ಇಪ್ಪತ್ತು ನಿಮಿಷದ್ದಾದರೂ ಹೊರಗಿನದ್ದಕ್ಕೆ ಶಿಫ್ಟು ದಾಟುತ್ತದೆ. ಒಣಗುವಾಗ ತೇವ, ಬಿಸಿ ಎರಡೂ ಹದದಲ್ಲಿರಬೇಕು. ಆಟಿ ತಿಂಗಳ ಮಳೆಯಲ್ಲಿ ನಮ್ಮಲ್ಲಿ ಹಪ್ಪಳವೇ ಒಣಗುದಿಲ್ಲ.

ಅಮೆರಿಕದ ಇನ್ನೊಂದು ಸ್ಟೆಲ್ತ್ ವಿಮಾನ ಎಫ್-22ರಲ್ಲಿ ಇದೇ ಪೇಸ್ಟ್ ಇನ್ನೊಂದು ರಗಳೆ ತಂದಿತು. ಪೇಸ್ಟಿನಲ್ಲಿ ಬೆಳ್ಳಿ, ಪಕ್ಕದಲ್ಲಿ ಅಲ್ಯೂಮಿನಿಯಂ ಹಾಳೆ, ಮಧ್ಯೆ ನೀರು ನಿಂತರೆ ಅದು ಬ್ಯಾಟರಿಯೇ. ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ನೀರು ಇಳಿದು ಹೋಗುವ ತೂತುಗಳೂ ಸಾಲಲಿಲ್ಲ. ಉಪ್ಪು ಗಾಳಿಯ ಕರಾವಳಿಯಲ್ಲಿ ಇಂಥದ್ದನ್ನು ಇಟ್ಟರೆ ಏನಾದೀತು ಅಂತ ಮಲ್ಪೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಲ್ಪೆ ಬಂದರು · 9:41

"ಎಫ್-22ರಲ್ಲಿ." ನಾವು ಮಾತಾಡುವುದು ಎಫ್-35. ಅದರಲ್ಲಿ ಹೀರುವ ಪದರವನ್ನು ಮೈಯ ಹೊರಚರ್ಮದ ಒಳಗೇ ಬೇಯಿಸಿ ಇಟ್ಟಿದ್ದಾರೆ, ಪೇಸ್ಟನ್ನೂ ಬದಲಿಸಿದ್ದಾರೆ, ಪದೇ ಪದೇ ತೆಗೆಯುವ ಜಾಗಕ್ಕೆ ಲೇಪನ ಕೆಡದ ಹಾಗೆ ಬಾಗಿಲು ಕೊಟ್ಟಿದ್ದಾರೆ. ವಿಮಾನವಾಹಕ ಹಡಗಿನ ಮೇಲೆ ತಿಂಗಳುಗಟ್ಟಲೆ ಉಪ್ಪು ನೀರು ತಿನ್ನುತ್ತಾ ಉಂಟು ಅದು.

ಪಣಂಬೂರು ಪ್ಯಾನೆಲ್ · 9:46

ಹಡಗಿನ ಮೇಲಿನದ್ದರ ಬಾಲಕ್ಕೆ ಏನಾಯಿತು ಅಂತಲೂ ಹೇಳಿ. ಬಿ ಮತ್ತು ಸಿ ಮಾದರಿಗಳು ಶಬ್ದಕ್ಕಿಂತ ವೇಗವಾಗಿ ಆಫ್ಟರ್‌ಬರ್ನರ್ ಹಾಕಿ ಹೆಚ್ಚು ಹೊತ್ತು ಹಾರಿದರೆ ಬಾಲದ ಲೇಪನ ಗುಳ್ಳೆ ಏಳುತ್ತದೆ ಅಂತ ಸಮಯಕ್ಕೆ ಮಿತಿ ಹಾಕಿದರು. ಎ ಮಾದರಿಯದ್ದು ಬೇರೆ ಕತೆ. ಟ್ಯಾಂಕಿನಲ್ಲಿ ಇಂಧನದ ಆವಿಗೆ ಕಿಡಿ ತಗಲಬಾರದು ಅಂತ ಸಾರಜನಕ ಹೆಚ್ಚಿರುವ ಗಾಳಿ ತುಂಬುವ ಕೊಳವೆಗಳಿವೆ. 2020ರಲ್ಲಿ ಅವು ಜಖಂ ಆದದ್ದು ಗೊತ್ತಾಗಿ, ಗುಡುಗು ಮೋಡದಿಂದ 25 ಮೈಲಿ ದೂರ ಇರಿ ಅಂತ ಆದೇಶ ಬಂತು. ವಿಮಾನದ ಹೆಸರೇ ಲೈಟ್ನಿಂಗ್. ಪತ್ತನಾಜೆ ಹೊತ್ತಿಗೆ (ಮೇ ಕೊನೆಗೆ) ಘಟ್ಟದ ಕೆಳಗೆ 25 ಮೈಲಿ ಸಿಡಿಲಿಲ್ಲದ ಆಕಾಶ ಹುಡುಕಿ ನೋಡುವ.

ಮಲ್ಪೆ ಬಂದರು · 9:48

ಸಿಡಿಲಿನ ಆದೇಶ ಎ ಮಾದರಿಗೆ, ಬಾಲದ ಗುಳ್ಳೆ ಬಿ ಮತ್ತು ಸಿಗೆ, ತುಕ್ಕು ಎಫ್-22ಗೆ. ನಾಲ್ಕು ವಿಮಾನದ ಕಾಯಿಲೆ ಸೇರಿಸಿ ಒಂದು ರೋಗಿ ಮಾಡಿದಿರಿ.

ಸುರತ್ಕಲ್ ಲೆಕ್ಕಿಗ · 10:02

ಎರಡೂವರೆ ಗಂಟೆಯಿಂದ ಓದುತ್ತಿದ್ದೇನೆ, ಹಣದ ಮಾತು ಯಾರೂ ಎತ್ತಲಿಲ್ಲ. ಎಫ್-35ಎ 15ರಿಂದ 17ನೇ ಲಾಟ್‌ಗಳಲ್ಲಿ (ತಯಾರಿಯ ಕಂತುಗಳಲ್ಲಿ) ಸರಾಸರಿ 8.25 ಕೋಟಿ ಡಾಲರ್. "ಹಳೆಯ" ಎಫ್-15ಇಎಕ್ಸ್ 9 ಕೋಟಿ ಡಾಲರಿಗೂ ಮೇಲೆ. ಹಳೆ ಬಸ್ಸಿಗೆ ಹೊಸ ಬಾಡಿ ಕಟ್ಟಿದ್ದು ಹೊಸ ಬಸ್ಸಿಗಿಂತ ದುಬಾರಿ ಆದ ಹಾಗೆ. ನಮ್ಮಲ್ಲಿ ಬನ್ನಿ. 2024ರ ಡಿಸೆಂಬರಿನಲ್ಲಿ 12 ಹೊಸ ಸುಖೋಯ್-30ಗೆ 13,500 ಕೋಟಿ ರೂಪಾಯಿ, ಒಂದಕ್ಕೆ 1,125 ಕೋಟಿ. ಅದೇ ಸೆಪ್ಟೆಂಬರಿನಲ್ಲಿ ಸುಖೋಯ್‌ನ 240 ಎಎಲ್-31ಎಫ್‌ಪಿ ಎಂಜಿನ್‌ಗೆ 26,000 ಕೋಟಿ, ಒಂದಕ್ಕೆ 108 ಕೋಟಿ ಚಿಲ್ಲರೆ. ಎರಡು ಎಂಜಿನ್ ಬದಲಿಸಿದರೆ 216. ಅದರ ಮೇಲೆ 84ರ ಮೇಲ್ದರ್ಜೆಗೆ 60,000 ಕೋಟಿಯ ಮೇಲಿನ ಅಂದಾಜು ಓಡಾಡುತ್ತಿದೆ, ಒಂದಕ್ಕೆ 700 ಕೋಟಿ ದಾಟುತ್ತದೆ. 97 ಹೊಸ ತೇಜಸ್ ಮಾರ್ಕ್-1ಎಗೆ 62,370 ಕೋಟಿ, ಒಂದಕ್ಕೆ 643. ಹಳೆಯದಕ್ಕೆ ಹೊಸ ಕಣ್ಣು ಹಾಕುವ ದುಡ್ಡಲ್ಲಿ ಒಂದು ಹೊಸ ತೇಜಸ್ ಬರುತ್ತದೆ. ಸ್ಟೆಲ್ತೂ ಬೇಡ, ದುರಸ್ತಿಯೂ ಬೇಡ.

ಕುಡ್ಲದ ಗರುಡ · 10:09

"8.25 ಕೋಟಿ ಡಾಲರ್" ಅಮೆರಿಕಕ್ಕೆ ಅವರದೇ ಅಂಗಡಿಯಲ್ಲಿ ಸಿಗುವ ರೇಟು. ನಾವು 36 ರಫೇಲ್‌ಗೆ ಕೊಟ್ಟದ್ದು 787 ಕೋಟಿ ಯೂರೊ, ಭಾಗಿಸಿದರೆ ಒಂದಕ್ಕೆ 21.9 ಕೋಟಿ. ಕ್ಷಿಪಣಿ, ಬಿಡಿಭಾಗ, ನಮಗೆ ಅಂತ ಮಾಡಿದ ಬದಲಾವಣೆ ಎಲ್ಲಾ ಸೇರಿ. ಬರೀ ವಿಮಾನದ ರೇಟನ್ನು ಪೂರ್ತಿ ಪ್ಯಾಕೇಜಿನ ಪಕ್ಕ ಇಡುವವರಿಗೆ ಲೆಕ್ಕಿಗ ಅಂತ ಹೆಸರು ಬೇರೆ. ಅಮೆರಿಕದ ಎಲ್ಲಾ ಎಫ್-35ಗಳನ್ನು ಆಯುಷ್ಯ ಪೂರ್ತಿ ಸಾಕುವ ಖರ್ಚು ಅಮೆರಿಕದ ಲೆಕ್ಕಪರಿಶೋಧಕರ 2024ರ ಅಂದಾಜಿನಲ್ಲಿ 1.58 ಲಕ್ಷ ಕೋಟಿ ಡಾಲರ್. ಅದೇ ಕಚೇರಿ ಹೇಳಿದ್ದು, 2023ರ ಮಾರ್ಚ್‌ನಲ್ಲಿ ಕೆಲಸಕ್ಕೆ ಸಿದ್ಧ ಇದ್ದ ಎಫ್-35 ಶೇ. 55 ಅಂತ. ನೂರು ಕೊಂಡರೆ 45 ಹ್ಯಾಂಗರಿನಲ್ಲಿ.

ಸುರತ್ಕಲ್ ಲೆಕ್ಕಿಗ · 10:13

ನಮ್ಮ ಸಿಎಜಿ ಸುಖೋಯ್-30 ಬಗ್ಗೆ ಬರೆದದ್ದು ನೆನಪುಂಟಾ? ಇರಬೇಕಾದದ್ದು ಶೇ. 75, ಇದ್ದದ್ದು 55ರಿಂದ 60.

ಕುಡ್ಲದ ಗರುಡ · 10:14

ಅದು ಹಳೇ ವರದಿ.

ಹ್ವಾಯ್ ಕುಂದಾಪ್ರ · 10:15

ವಿಮಾನ ಹಳೇದಾದರೆ ಅಡ್ಡಿ ಇಲ್ಲ, ವರದಿ ಹಳೇದಾದರೆ ಆತಿಲ್ಲ.

ಕಾರ್ಕಳ ಬಂಡೆ · 10:24

1999 ಮಾರ್ಚ್ 27. ಸರ್ಬಿಯಾ. ಅಮೆರಿಕದ ಸ್ಟೆಲ್ತ್ ವಿಮಾನ ಎಫ್-117. ಬಿದ್ದದ್ದು 1960ರ ದಶಕದ ಎಸ್-125 ಕ್ಷಿಪಣಿಗೆ. ಇಷ್ಟೇ ಸಾಕು.

ಮಣಿಪಾಲದ ಮೈಕ್ರೋವೇವ್ · 10:35

"ಇಷ್ಟೇ ಸಾಕು" ಅಂದರೆ ಸಾಲುವುದಿಲ್ಲ. ದಿನಾ ಅದೇ ದಾರಿಯಲ್ಲಿ ಬರುತ್ತಿದ್ದರು, ಆ ರಾತ್ರಿ ಜೊತೆಗೆ ಬರುವ ಜಾಮರ್ ವಿಮಾನ ಇರಲಿಲ್ಲ. ದೂರದಿಂದ ಸುಳಿವು ಕೊಟ್ಟದ್ದು ಪಿ-18, ಮೀಟರ್ ಲೆಕ್ಕದ ತರಂಗಾಂತರದ ರೇಡಾರ್. ಸ್ಟೆಲ್ತ್ ಆಕಾರ ಕೆತ್ತುವುದು ಮುಖ್ಯವಾಗಿ ಮೂರು ಸೆಂಟಿಮೀಟರ್ ಆಸುಪಾಸಿನ ತರಂಗಕ್ಕೆ, ಗುರಿ ಹಿಡಿಯುವ ರೇಡಾರುಗಳು ಅಲ್ಲಿರುತ್ತವೆ. ಬಾಲದಷ್ಟೇ ಉದ್ದದ ತರಂಗಕ್ಕೆ ಆ ಕೆತ್ತನೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಆದರೆ ಅಷ್ಟು ಉದ್ದದ ತರಂಗ "ಈ ದಿಕ್ಕಿನಲ್ಲಿ ಏನೋ ಉಂಟು" ಅಂತ ಮಾತ್ರ ಹೇಳುತ್ತದೆ, ಕ್ಷಿಪಣಿಯನ್ನು ಮುಟ್ಟಿಸುವಷ್ಟು ನಿಖರವಾಗಿ ಅಲ್ಲ. ಗುರಿ ಹಿಡಿಯುವ ರೇಡಾರಿಗೆ ಅದು ಸಿಕ್ಕಿದ್ದು ಹತ್ತಿಪ್ಪತ್ತು ಕಿ.ಮೀ. ಹತ್ತಿರ ಬಂದ ಮೇಲೆ. ಆ ಯುದ್ಧದಲ್ಲಿ ಎಫ್-16 ಕೂಡ ಬಿದ್ದಿದೆ, ಅದನ್ನು ಯಾಕೆ ಬಿಟ್ಟಿರಿ?

ಕಾರ್ಕಳ ಬಂಡೆ · 10:38

"ಏನೋ ಉಂಟು ಅಂತ ಹೇಳುತ್ತದೆ." ಥ್ಯಾಂಕ್ಸ್. ಅಂದರೆ ಕಾಣುತ್ತದೆ ಅಂತ ಒಪ್ಪಿಕೊಂಡಿರಿ.

ಮಣಿಪಾಲದ ಮೈಕ್ರೋವೇವ್ · 10:39

ನಿಮ್ಮ ಜೊತೆ ಮಾತಾಡುವುದಕ್ಕಿಂತ ಗೋಡೆಗೆ ರೇಡಾರ್ ಹಿಡಿಯುವುದು ವಾಸಿ. ಅದು ಕನಿಷ್ಠ ಕಳಿಸಿದ್ದನ್ನು ಪೂರ್ತಿ ವಾಪಸ್ ಕೊಡುತ್ತದೆ.

ಕಾರ್ಕಳ ಬಂಡೆ · 10:40

ಮಾತು ಮುಗಿದಾಗ ವೈಯಕ್ತಿಕಕ್ಕೆ ಬರುವುದು ಮಣಿಪಾಲದವರ ಹಳೆ ಚಾಳಿ.

ಸುರತ್ಕಲ್ ಲೆಕ್ಕಿಗ · 10:47

ರಷ್ಯದ ವಾಯುರಕ್ಷಣಾ ಕ್ಷಿಪಣಿ ವ್ಯವಸ್ಥೆ ಎಸ್-400 ಬಗ್ಗೆ ಇನ್ನೂ ಯಾರೂ ಬಾಯಿ ಬಿಡಲಿಲ್ಲ. ಟರ್ಕಿ ಎಸ್-400 ತರಿಸಿಕೊಂಡ ಕಾರಣಕ್ಕೆ 2019ರಲ್ಲಿ ಎಫ್-35 ಯೋಜನೆಯಿಂದಲೇ ಹೊರಗೆ ಹಾಕಿದರು. ಅದು ಯೋಜನೆಯ ಪಾಲುದಾರ ದೇಶ, ಬಿಡಿಭಾಗ ಮಾಡಿಕೊಡುತ್ತಿತ್ತು. ನಾವು 2018ರಲ್ಲೇ ಎಸ್-400ಗೆ ಸಹಿ ಹಾಕಿದವರು. 2025ರ ಫೆಬ್ರವರಿಯಲ್ಲಿ ಟ್ರಂಪ್ ಪತ್ರಿಕಾಗೋಷ್ಠಿಯಲ್ಲಿ ಎಫ್-35 ಹೆಸರು ಎತ್ತಿದ್ದು ನಿಜ. ಆದರೆ ಒಂದೇ ಆಕಾಶದಲ್ಲಿ ಎರಡೂ ಹೇಗೆ?

ಮಲ್ಪೆ ಬಂದರು · 10:52

ನಾನು ಎಫ್-35 ಮಾತ್ರವೇ ಅಂತ ಎಲ್ಲಿ ಹೇಳಿದೆ? ಸುಖೋಯ್-57 ಉಂಟು. ತಯಾರಾಗುತ್ತಿರುವ ನಮ್ಮದೇ ಸ್ಟೆಲ್ತ್ ವಿಮಾನ ಆಮ್ಕಾ ಉಂಟು, 25 ಟನ್ ತೂಕದ್ದು, ಒಳಗೆ 6.5 ಟನ್ ಇಂಧನ. 2024ರ ಮಾರ್ಚ್‌ನಲ್ಲಿ 15,000 ಕೋಟಿ ಮಂಜೂರು ಆಗಿದೆ.

ಕುಡ್ಲದ ಗರುಡ · 10:56

ಹೇಳಿದ್ದೀರಿ. 9:22ಕ್ಕೆ "ನಾವು ಕೇಳುವುದು ಎ" ಅಂತ. ಸುಖೋಯ್-57ರ ಅಣ್ಣತಮ್ಮನ ಯೋಜನೆಗೆ 29.5 ಕೋಟಿ ಡಾಲರ್ ಹಾಕಿ 2018ರಲ್ಲಿ ಹೊರಗೆ ಬಂದವರು ನಾವೇ. ಆಮ್ಕಾ ಬರುವಾಗ ಬರಲಿ, ಬೇಡ ಅಂದವರು ಯಾರು? ಅಲ್ಲಿವರೆಗೆ ಗಡಿ ಕಾಯುವುದು ಯಾರು? ಅಲ್ಲದೆ ಬ್ರಹ್ಮೋಸ್. ಗಾಳಿಯಿಂದ ಬಿಡುವ ಬ್ರಹ್ಮೋಸ್ 2.5 ಟನ್. ತಂಜಾವೂರಿನ ಸುಖೋಯ್‌ಗಳು ಅದನ್ನು ಹೊಟ್ಟೆಯಡಿ ಕಟ್ಟಿಕೊಂಡು ಅರಬ್ಬಿ ಸಮುದ್ರವನ್ನೂ ಬಂಗಾಳ ಕೊಲ್ಲಿಯನ್ನೂ ಕಾಯಬಲ್ಲವು. ಆಮ್ಕಾದ ಒಳಹೊಟ್ಟೆಗೆ ಹಿಡಿಸುವುದು ಒಟ್ಟು 1.5 ಟನ್. ಎಫ್-35ಎ ಒಳಗೆ ಒಯ್ಯುವುದು ನಾಲ್ಕು ಗಾಳಿ ಕ್ಷಿಪಣಿ, ಎಫ್-15ಇಎಕ್ಸ್ ಹನ್ನೆರಡು. ಸ್ಟೆಲ್ತ್ ವಿಮಾನಕ್ಕೆ ಬ್ರಹ್ಮೋಸ್ ಹೊರಗೆ ಕಟ್ಟಿದರೆ ಆ ಕೆತ್ತನೆಯೆಲ್ಲಾ ನೀರಿನಲ್ಲಿ ಹೋಮ.

ಪಣಂಬೂರು ಪ್ಯಾನೆಲ್ · 11:05

ಆಯುಷ್ಯದ ಮಾತು ಬಿಟ್ಟು ಹೋಗಿದೆ. ಇಎಕ್ಸ್‌ನ ಮೈಗೆ 20,000 ಗಂಟೆ ಕೊಟ್ಟಿದ್ದಾರೆ, ಎಫ್-35ಗೆ 8,000. ಇನ್ನೊಂದು, 2023ರ ಜುಲೈನಿಂದ ಒಂದು ವರ್ಷ ಎಫ್-35 ಕೈಗೆ ಕೊಡುವುದನ್ನೇ ನಿಲ್ಲಿಸಿದ್ದರು, ಟಿಆರ್-3 ಎಂಬ ಹೊಸ ಕಂಪ್ಯೂಟರಿನ ತಂತ್ರಾಂಶ ಸರಿಯಾಗದೆ. ಕಾರ್ಖಾನೆಯಲ್ಲಿ ವಿಮಾನ ಸಾಲಾಗಿ ನಿಂತಿದ್ದವು. ಅಂದರೆ "ಹೊಸದು" ತಗೊಂಡವರಿಗೂ ಮೇಲ್ದರ್ಜೆಯ ರಗಳೆ ತಪ್ಪುವುದಿಲ್ಲ. ಅದರ ತಂಪು ಮಾಡುವ ವ್ಯವಸ್ಥೆ ಮೊದಲು ಅಂದುಕೊಂಡದ್ದರ ದುಪ್ಪಟ್ಟು ಕೆಲಸ ಮಾಡಬೇಕಾಗಿದೆ, ಎಂಜಿನ್‌ನಿಂದ ಗಾಳಿ ಹೆಚ್ಚು ಕದಿಯುವುದರಿಂದ ಎಂಜಿನ್ ಬೇಗ ಸವೆಯುತ್ತದೆ.

ಮಲ್ಪೆ ಬಂದರು · 11:09

8,000 ಗಂಟೆ, ವರ್ಷಕ್ಕೆ 200 ಹಾರಿಸಿದರೂ 40 ವರ್ಷ. ಸಾಕಲ್ಲ? 20,000 ಗಂಟೆ ಹಾರಿಸಿ ಮೊಮ್ಮಗನಿಗೆ ಕೊಡುವುದಾ?

ಹ್ವಾಯ್ ಕುಂದಾಪ್ರ · 11:12

20,000 ಆದರೆ 100 ವರ್ಷ. ಮೊಮ್ಮಗ ಅಲ್ಲ, ಮರಿಮೊಮ್ಮಗ.

ಕಾರ್ಕಳ ಬಂಡೆ · 11:18

ಲ್ಯೂನೆಬರ್ಗ್ ಲೆನ್ಸಿನ ಫೋಟೊ ಇನ್ನೂ ಬಂದಿಲ್ಲ. ಕಾಯ್ತಾ ಇದ್ದೇನೆ.

ಮಣಿಪಾಲದ ಮೈಕ್ರೋವೇವ್ · 11:20

ಟ್ರಾನ್ಸ್‌ಪಾಂಡರ್ ಬಗ್ಗೆ ನಿಮ್ಮ ಉತ್ತರವೂ ಬಂದಿಲ್ಲ. ನಾನೂ ಕಾಯ್ತಾ ಇದ್ದೇನೆ.

ಕುಡ್ಲದ ಗರುಡ · 11:34

ಒಟ್ಟಿನಲ್ಲಿ ನಾನು ಮೊದಲು ಹೇಳಿದ್ದನ್ನು ಇಲ್ಲಿ ಯಾರೂ ಅಲ್ಲಗಳೆಯಲಿಲ್ಲ.

ಹ್ವಾಯ್ ಕುಂದಾಪ್ರ · 11:52

ಮೊದಲು ಎಂತ ಹೇಳಿದ್ದು ಅಂತ ಕಾಂಬ ಅಂತ ಮೇಲೆ ಹೋದೆ. ಸಂಜೆ "ದೂರ ಅರ್ಧ" ಅಂತ ಇದ್ದದ್ದು ಈಗ "ದೂರ ಕಡಿಮೆ" ಆಗಿದೆ. 11:31ಕ್ಕೆ ತಿದ್ದಿದ್ದು ಅಂತ ಅಲ್ಲೇ ಉಂಟು. ಮೈಕ್ರೋವೇವ್ ಅವರು ಉದ್ಧರಿಸಿದ ಸಾಲು ಮಾತ್ರ ಹಾಗೇ ಉಳಿದಿದೆ. "ಐದು ವಾರ" ಯಾಕೆ ತಿದ್ದಲಿಲ್ಲ?

ಕುಡ್ಲದ ಗರುಡ · 11:55

ಅದು ಟೈಪಿಂಗ್ ತಪ್ಪು, ಸರಿ ಮಾಡಿದೆ. ಅರ್ಥ ಮೊದಲಿನದ್ದೇ.

ಮಣಿಪಾಲದ ಮೈಕ್ರೋವೇವ್ · 11:56

0.84.